ರಿಸೀವರ್: ವಜಾ ಬೇರೆ, ಬಿಡುಗಡೆ ಬೇರೆ

ವ್ಯಾಜ್ಯದಲ್ಲಿರುವ ಆಸ್ತಿಯನ್ನು ನೋಡಿಕೊಳ್ಳಲು ತಾನೇ ನೇಮಿಸಿದ ರಿಸೀವರ್ ಒಬ್ಬರನ್ನು ನ್ಯಾಯಾಲಯ ತೆಗೆದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೆ ‘ಆಸ್ತಿ ಮತ್ತೆ ಮಾಲೀಕರ ವಶಕ್ಕೆ’ ಎಂಬ ಸಾಲೂ ಅಂಟಿಕೊಂಡಿರುತ್ತದೆ. ಎರಡನೆಯ ಸಾಲು ಮೊದಲನೆಯದರಿಂದ ಹುಟ್ಟುವುದೇ ಇಲ್ಲ. ಹೋಗುವುದು ವ್ಯಕ್ತಿ. ಆಸ್ತಿ ನ್ಯಾಯಾಲಯದ ಸುಪರ್ದಿನಲ್ಲೇ ಉಳಿಯುತ್ತದೆ.

ಅಣ್ಣತಮ್ಮಂದಿರ ಪಾಲುದಾವೆಯಲ್ಲಿ ಒಂದು ವಾಣಿಜ್ಯ ಸಂಕೀರ್ಣವಿದೆ ಎನ್ನಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 40ರಡಿ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ಒಂದು ಅಧ್ಯಾಯ) ನೇಮಕವಾದ ರಿಸೀವರ್ ಬಾಡಿಗೆ ವಸೂಲು ಮಾಡಿ ಲೆಕ್ಕ ಒಪ್ಪಿಸಬೇಕು. ಆತ ಲೆಕ್ಕವನ್ನೇ ಕೊಡುವುದಿಲ್ಲ. ಖಾಲಿಯಾದ ಮಳಿಗೆಯನ್ನು ತನ್ನ ಭಾವಮೈದುನನಿಗೆ ಅರ್ಧ ಬಾಡಿಗೆಗೆ ಕೊಡುತ್ತಾನೆ. ತೆಗೆಯಲು ಇಷ್ಟು ಸಾಕು. ಆದರೆ ಅಣ್ಣತಮ್ಮಂದಿರ ಜಗಳ ಹಾಗೆಯೇ ಇದೆಯಲ್ಲ! ಆದ್ದರಿಂದ ನ್ಯಾಯಾಲಯ ಇನ್ನೊಬ್ಬರನ್ನು ಕೂರಿಸುತ್ತದೆ, ಹಳಬನಿಂದ ದಾಖಲೆ, ಹಣ, ಬೀಗದ ಕೈ ಕೊಡಿಸುತ್ತದೆ, ಬಾಡಿಗೆದಾರರು ಅಂದಿನಿಂದ ಹೊಸಬರಿಗೆ ಕಟ್ಟುತ್ತಾರೆ. ಇದು ಬದಲಾವಣೆ. ರಿಸೀವರ್ ವ್ಯವಸ್ಥೆಯೇ ಬೇಡವೆಂದು ಆಸ್ತಿಯನ್ನು ಬಿಟ್ಟುಕೊಡುವುದು ಬೇರೆಯೇ ಆದೇಶ.

ವಜಾ ಆದವನು ಕೈತೊಳೆದುಕೊಂಡ ಎಂಬುದೂ ತಪ್ಪು. ಲೆಕ್ಕ ಒಪ್ಪಿಸಿ, ನ್ಯಾಯಾಲಯ ಅದನ್ನು ಒಪ್ಪಿ, ಹೊಣೆಯಿಂದ ಬಿಡುಗಡೆ ಮಾಡುವವರೆಗೂ ಆತ ಉತ್ತರದಾಯಿ. ಲೆಕ್ಕ ಕೊಡದಿದ್ದರೆ, ಬಾಕಿ ಕಟ್ಟದಿದ್ದರೆ, ಬೇಕೆಂದೇ ಮಾಡಿದ ತಪ್ಪಿನಿಂದ ಅಥವಾ ಘೋರ ನಿರ್ಲಕ್ಷ್ಯದಿಂದ ಆಸ್ತಿಗೆ ನಷ್ಟ ತಂದಿದ್ದರೆ, ಅದೇ ಆದೇಶ 40ರ 4ನೇ ನಿಯಮದಂತೆ ಅವನ ಸ್ವಂತ ಆಸ್ತಿಯನ್ನೇ ಜಪ್ತಿ ಮಾಡಿ ಮಾರಬಹುದು. ವಜಾ ಮತ್ತು ಬಿಡುಗಡೆ ಎರಡನ್ನೂ ‘ಕೆಳಗಿಳಿಸಲಾಯಿತು’ ಎಂದು ಬರೆಯುವವರು ಈ ನಿಯಮವನ್ನೊಮ್ಮೆ ಓದಬೇಕು.

ಅಷ್ಟೇಕೆ, ದಾವೆ ಮುಗಿದರೂ ರಿಸೀವರ್ ತನ್ನಷ್ಟಕ್ಕೆ ಮುಕ್ತನಾಗಬೇಕೆಂದಿಲ್ಲ. ತೀರ್ಪಿನವರೆಗೆ ಎಂದೇ ನೇಮಿಸಿದ್ದರೆ ತೀರ್ಪಿನೊಂದಿಗೆ ನೇಮಕ ಮುಗಿಯುತ್ತದೆ. ಅವಧಿ ಹೇಳದಿದ್ದರೆ ಬಿಡುಗಡೆಯ ಆದೇಶ ಬರುವವರೆಗೂ ಮುಂದುವರಿಯುತ್ತದೆ. ಅಗತ್ಯವಿದ್ದರೆ ಅಂತಿಮ ಡಿಕ್ರಿಯ ನಂತರವೂ ನ್ಯಾಯಾಲಯ ಆತನನ್ನು ಉಳಿಸಿಕೊಳ್ಳಬಹುದು. 1960ರ ದಶಕದ ಆರಂಭದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ತೆಗೆಯುವ ಅಧಿಕಾರ ಎಲ್ಲಿಂದ ಬಂತು? ಆದೇಶ 40ರಲ್ಲಿ ಹಾಗೆಂದು ಬಾಯಿಬಿಟ್ಟು ಬರೆದಿಲ್ಲ. ನೇಮಿಸುವ ಅಧಿಕಾರದಲ್ಲಿ ಅಮಾನತು ಮಾಡುವ, ವಜಾ ಮಾಡುವ ಅಧಿಕಾರವೂ ಸೇರಿದೆ ಎನ್ನುವ 1897ರ ಜನರಲ್ ಕ್ಲಾಸಸ್ ಕಾಯ್ದೆಯ 16ನೇ ಕಲಮು ಇಲ್ಲಿ ನೆರವಿಗೆ ಬರುತ್ತದೆ.

‘ವಾದಿಯ ರಿಸೀವರ್’ ಎನ್ನುವುದು ಇನ್ನೊಂದು ಕಿರಿಕಿರಿ. ಅರ್ಜಿ ವಾದಿಯದ್ದಿರಬಹುದು, ಹೆಸರನ್ನೂ ಅವರೇ ಸೂಚಿಸಿರಬಹುದು. ನೇಮಕವಾದ ಗಳಿಗೆಯಿಂದ ಆತ ನ್ಯಾಯಾಲಯದ ಅಧಿಕಾರಿ. ನ್ಯಾಯಾಲಯದ ಅನುಮತಿಯಿಲ್ಲದೆ ಆತನ ಮೇಲೆ ದಾವೆ ಹೂಡುವಂತಿಲ್ಲ, ಅಡ್ಡಿಪಡಿಸಿದರೆ ನ್ಯಾಯಾಂಗ ನಿಂದನೆಯಾಗುತ್ತದೆ. ಒಬ್ಬ ಪಕ್ಷಗಾರನಿಗೆ ಹಿಡಿಸಲಿಲ್ಲ ಎಂಬುದಷ್ಟೇ ತೆಗೆಯಲು ಕಾರಣವಾಗುವುದಿಲ್ಲ; ಪಕ್ಷಪಾತ ತೋರಿದ್ದರೆ ಆ ಮಾತು ಬೇರೆ.

ದಿವಾಳಿ ಸಂಹಿತೆಯಡಿ ಬರುವ ರೆಸಲ್ಯೂಷನ್ ಪ್ರೊಫೆಷನಲ್‌ನನ್ನೂ (ಸಾಲ ತೀರಿಸಲಾಗದ ಕಂಪನಿಯ ದಿವಾಳಿ ಪ್ರಕ್ರಿಯೆಯನ್ನು ನಡೆಸುವವನನ್ನೂ) ರಿಸೀವರ್ ಎಂದು ಬರೆಯುವುದುಂಟು. ಅಲ್ಲಿ ಬದಲಾವಣೆಯ ಪ್ರಸ್ತಾಪ ಸಾಲಗಾರರದ್ದಲ್ಲ, ಸಾಲ ಕೊಟ್ಟವರ ಸಮಿತಿಯದ್ದು. ಅದಕ್ಕೆ ಶೇ 66ರಷ್ಟು ಮತ ಬೇಕು. ರಿಸೀವರ್ ವಿಷಯದಲ್ಲಿ ಮತದಾನದ ಮಾತೇ ಇಲ್ಲ. ವಾದಿ, ಪ್ರತಿವಾದಿ ಇಬ್ಬರೂ ಸೇರಿ ಬೇಡವೆಂದರೂ ಆದೇಶ ಬರೆಯಬೇಕಾದವರು ನ್ಯಾಯಾಧೀಶರೇ.