ಡಿಜೆ ಬಂದು ಹೋದರೆ ಜಿಡಿಪಿ ಏರುತ್ತದೆಯೇ?

ದೊಡ್ಡದೊಂದು ಎಲೆಕ್ಟ್ರಾನಿಕ್ ಸಂಗೀತೋತ್ಸವ ಮುಗಿದ ಮರುದಿನ ವಾಣಿಜ್ಯ ಪುಟದ ಡೆಸ್ಕಿಗೆ ಪತ್ರಿಕಾ ಪ್ರಕಟಣೆ ಬಂದೇ ಬರುತ್ತದೆ. ಮೊದಲ ಪುಟದಲ್ಲಿ ಕೈಯೆತ್ತಿ ಕುಣಿಯುವವರ ಫೋಟೊ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ದೇಶದ ಆರ್ಥಿಕತೆಗೆ ಇಷ್ಟು ಕೋಟಿ ಕೊಡುಗೆ’. ಕೊನೆಯ ಪುಟದ ತಳದಲ್ಲಿ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವ ಅಕ್ಷರಗಳಲ್ಲಿ, ‘ನೇರ, ಪರೋಕ್ಷ ಹಾಗೂ ಪ್ರೇರಿತ ವೆಚ್ಚಗಳೆಲ್ಲ ಸೇರಿ’. ನಾನು ಇಂಥವನ್ನು ಕೊನೆಯ ಪುಟದಿಂದ ಓದುತ್ತೇನೆ. ನಮ್ಮ ಕಿರಿಯ ವರದಿಗಾರರು ಮೊದಲ ಪುಟ ಓದಿ, ಅರ್ಧ ಗಂಟೆಯಲ್ಲಿ ಶೀರ್ಷಿಕೆ ಸಮೇತ ಸುದ್ದಿ ಸಿದ್ಧಪಡಿಸಿ ಇಟ್ಟಿರುತ್ತಾರೆ.

ಈ ಸಂಗೀತದ ಮೇಲೆ ನನಗೇನೂ ಮುನಿಸಿಲ್ಲ. ಬಜೆಟ್ ದಿನ ಅಂಕಿಅಂಶಗಳ ರಾಶಿಯ ನಡುವೆ ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಕೇಳುತ್ತಲೇ ಬರೆಯುವವನು ನಾನು. ಸಾಹಿತ್ಯವಿಲ್ಲದ ಸಂಗೀತವಾದ್ದರಿಂದ ನನ್ನ ವಾಕ್ಯಗಳಿಗೆ ಅಡ್ಡ ಬರುವುದಿಲ್ಲ. ಸಿಟ್ಟಿರುವುದು ಆ ‘ಕೊಡುಗೆ’ಯ ಲೆಕ್ಕದ ಮೇಲೆ.

ಟಿಕೆಟ್‌ಗೆ ನೀವು 100 ರೂಪಾಯಿ ಕೊಟ್ಟಿರಿ ಎನ್ನಿ. ಆಯೋಜಕರು ಅದರಲ್ಲಿ 70 ರೂಪಾಯಿಯನ್ನು ವೇದಿಕೆಯ ಗುತ್ತಿಗೆದಾರನಿಗೆ ಕೊಡುತ್ತಾರೆ. ಅವನು ಅದರಲ್ಲಿ 40 ರೂಪಾಯಿಯನ್ನು ಸ್ಪೀಕರ್, ಜನರೇಟರ್ ಬಾಡಿಗೆ ಕೊಡುವವನಿಗೆ ದಾಟಿಸುತ್ತಾನೆ. ಪ್ರಕಟಣೆ ಬರೆಯುವವರು 100, 70, 40 ಮೂರನ್ನೂ ಕೂಡಿ 210 ಎನ್ನುತ್ತಾರೆ. ರಾಷ್ಟ್ರೀಯ ಆದಾಯದ ಲೆಕ್ಕ ಹೀಗೆ ಕೂಡುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಹಂತದಲ್ಲಿ ಎಷ್ಟು ಮೌಲ್ಯ ಸೇರಿಸಿದರು ಎಂಬುದನ್ನಷ್ಟೇ ಅದು ಕೇಳುತ್ತದೆ: ಆಯೋಜಕರದು 30, ಗುತ್ತಿಗೆದಾರನದು 30, ಬಾಡಿಗೆಯವನದು 40. ಒಟ್ಟು ಅದೇ ನೂರು. ಜನರೇಟರಿನ ಡೀಸೆಲ್ ಅನ್ನು ಸದ್ಯಕ್ಕೆ ಮರೆತಿದ್ದೇನೆ. ಲೆಕ್ಕ ಬಲ್ಲವರು ಕ್ಷಮಿಸಬೇಕು.

ಆ ನೂರಾದರೂ ಉಳಿಯುತ್ತದೆಯೇ? ಆಯೋಜಕರ ಪಾಲಿನ 30ರಲ್ಲಿ 20 ರೂಪಾಯಿ ವಿದೇಶದಿಂದ ಬಂದ ಡಿಜೆಯ ಸಂಭಾವನೆಗೆ ಹೋದರೆ ಅದು ಸೇವೆಯ ಆಮದು. ತೈಲ ಆಮದನ್ನು ಕಳೆದಂತೆ ಇದನ್ನೂ ಜಿಡಿಪಿಯಿಂದ ಕಳೆಯಬೇಕು. ಉಳಿದದ್ದು ಎಂಬತ್ತು. ಇನ್ನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗದ ಮಾತಿಗೆ ಬರುತ್ತೇನೆ: ಉತ್ಸವವೇ ಇಲ್ಲದಿದ್ದರೆ ಆ ನೂರು ರೂಪಾಯಿ ಏನಾಗುತ್ತಿತ್ತು? ನೀವು ಸಿನಿಮಾಕ್ಕೆ ಹೋಗುತ್ತಿದ್ದಿರಿ, ಹೊರಗೆ ಊಟ ಮಾಡುತ್ತಿದ್ದಿರಿ, ಹೊಸ ಶೂ ಕೊಳ್ಳುತ್ತಿದ್ದಿರಿ. ಆ ಅಂಗಡಿಯವನಿಗೆ ತಪ್ಪಿದ ವ್ಯಾಪಾರವನ್ನು ಯಾವ ಪ್ರಕಟಣೆಯೂ ಕಳೆಯುವುದಿಲ್ಲ. ಉತ್ಸವ ನಡೆದ ಊರಿಗೆ ಲಾಭವಾಗಿರಬಹುದು, ಪಕ್ಕದ ಊರಿಗೆ ಅಷ್ಟೇ ನಷ್ಟವಾಗಿರಬಹುದು. ದೇಶ ಎರಡೂ ಊರುಗಳನ್ನು ಒಳಗೊಂಡದ್ದು. ಊರಿನ ಲಾಭವನ್ನು ದೇಶದ ಖಾತೆಗೆ ಬರೆಯುವುದೇ ಈ ಪ್ರಕಟಣೆಗಳ ಮೂಲದೋಷ.

ಇದನ್ನೆಲ್ಲ ಫೋನಿನಲ್ಲಿ ವಿವರಿಸಿದರೆ ಆಯೋಜಕರ ಕಡೆಯ ಹುಡುಗ, ತುಂಬ ಒಳ್ಳೆಯ ಹುಡುಗ, ಒಂದೇ ಮಾತು ಹೇಳುತ್ತಾನೆ: ‘ಸರ್, ಆದರೆ ಹೋಟೆಲ್‌ಗಳೆಲ್ಲ ಭರ್ತಿಯಾಗಿದ್ದವಲ್ಲ?’

ಭರ್ತಿಯಾಗಿದ್ದವು, ನಿಜ. ಸ್ವೀಡನ್ನಿನ ಕಥೆ ಕೇಳಿ. 2023ರ ಮೇ ತಿಂಗಳಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ತಮ್ಮ ವಿಶ್ವಪ್ರವಾಸವನ್ನು ಸ್ಟಾಕ್‌ಹೋಮ್‌ನಿಂದ ಆರಂಭಿಸಿದರು. ಅವರನ್ನು ಡಿಜೆಗಳ ಸಾಲಿಗೆ ಸೇರಿಸಲಾಗದು, ಆದರೆ ಆ ಪ್ರವಾಸದ ಹಾಡುಗಳಲ್ಲಿ ‘ಹೌಸ್’ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಛಾಯೆ ದಟ್ಟವಾಗಿತ್ತು. ಆ ತಿಂಗಳ ಹಣದುಬ್ಬರ ನಿರೀಕ್ಷೆಗಿಂತ ಹೆಚ್ಚು, ಶೇ 9.7 ಬಂತು. ಹೋಟೆಲ್ ದರಗಳ ಮೂಲಕ ಅದರಲ್ಲಿ 0.2 ಶೇಕಡಾ ಅಂಶದಷ್ಟು ಈ ಕಾರ್ಯಕ್ರಮಗಳಿಂದಲೇ ಬಂದಿರಬಹುದು ಎಂದು ಡಾನ್‌ಸ್ಕೆ ಬ್ಯಾಂಕಿನ ಅರ್ಥಶಾಸ್ತ್ರಜ್ಞರೊಬ್ಬರು ಅಂದಾಜಿಸಿದರು. ಜೂನ್‌ನಲ್ಲಿ ಇದು ಇಳಿಯಲಿದೆ ಎಂದೂ ಅವರೇ ಹೇಳಿದ್ದರು, ಆ ಭಾಗ ಅಷ್ಟಾಗಿ ಸುದ್ದಿಯಾಗಲಿಲ್ಲ. ಒಂದು ರಾತ್ರಿಗೋಸ್ಕರ ಯಾರೂ ಹೊಸ ಹೋಟೆಲ್ ಕಟ್ಟುವುದಿಲ್ಲ. ಇದ್ದ ಕೋಣೆಗಳಿಗೇ ಬಾಡಿಗೆ ಏರುತ್ತದೆ. ಬೆಲೆ ಏರಿದ್ದನ್ನು ಉತ್ಪಾದನೆ ಏರಿದ್ದು ಎಂದು ಓದಬಾರದು.

ವಿನಾಯಿತಿಗಳಿವೆ, ಅವನ್ನು ಮುಚ್ಚಿಡುವುದು ತಪ್ಪು. ಸ್ಪೇನಿನ ಇಬಿಜಾ ದ್ವೀಪಕ್ಕೆ ಕ್ಲಬ್‌ಗಳಿಗಾಗಿಯೇ ಹೊರದೇಶದವರು ಬರುತ್ತಾರೆ. ಬೆಲ್ಜಿಯಂನ ಬೋಮ್ ಎಂಬ ಸಣ್ಣ ಪಟ್ಟಣಕ್ಕೆ ‘ಟುಮಾರೋಲ್ಯಾಂಡ್’ ಉತ್ಸವಕ್ಕೆಂದು ಜಗತ್ತಿನ ಮೂಲೆಮೂಲೆಗಳಿಂದ ಬರುತ್ತಾರೆ. ಅವರ ಖರ್ಚು ಆ ದೇಶಗಳ ಪಾಲಿಗೆ ರಫ್ತು, ನಿಜವಾದ ಹೊಸ ಹಣ. ಆರ್ಥಿಕ ಹಿಂಜರಿತದಲ್ಲಿ ಕೆಲಸವಿಲ್ಲದೆ ಕುಳಿತ ಲೈಟಿನವರಿಗೆ ಒಂದು ಉತ್ಸವ ಕೂಲಿ ಕೊಟ್ಟರೆ ಅದೂ ಬಹುಮಟ್ಟಿಗೆ ಹೊಸ ಆದಾಯವೇ. ಉಳಿದ ಕಡೆ ಎಷ್ಟು ಹೊಸದು, ಎಷ್ಟು ಅತ್ತಿಂದಿತ್ತ ಸರಿದದ್ದು ಎಂಬುದನ್ನು ಆಯಾ ಉತ್ಸವದ ಲೆಕ್ಕಪತ್ರ ನೋಡದೆ ಹೇಳಲಾಗದು.

ಈ ಸಂಗೀತ ಹುಟ್ಟಿದ ಬಗೆಯನ್ನು ನೋಡಿದರೆ, ಸಂಗೀತ ಆರ್ಥಿಕತೆಗೆ ಕೊಟ್ಟದ್ದಕ್ಕಿಂತ ಆರ್ಥಿಕತೆ ಬೇಡವೆಂದು ಎಸೆದದ್ದನ್ನು ಸಂಗೀತ ಎತ್ತಿಕೊಂಡದ್ದೇ ಹೆಚ್ಚು. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ‘ಟಿಬಿ-303’ ಎಂಬ ಯಂತ್ರ ತಂದಿತು. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಮೇಲಂಚಿನಲ್ಲಿ ಸಾಲಾಗಿ ಪುಟ್ಟ ತಿರುಗುಗುಂಡಿಗಳು. ಒಂಟಿಯಾಗಿ ನುಡಿಸುವ ಗಿಟಾರ್ ವಾದಕರಿಗೆ ಬೇಸ್, ಅಂದರೆ ತಗ್ಗಿದ ಸ್ವರದ ಸಾಥ್ ಕೊಡಲೆಂದು ಮಾಡಿದ್ದು. ಅದರ ದನಿ ಬೇಸ್ ಗಿಟಾರಿನಂತೆ ಕೇಳಿಸುತ್ತಲೇ ಇರಲಿಲ್ಲ. 1984ರ ಹೊತ್ತಿಗೆ ತಯಾರಿಕೆ ನಿಂತಿತು, ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿತ್ತು. ಷಿಕಾಗೋದ ‘ಫ್ಯೂಚರ್’ ತಂಡದ ಹುಡುಗರು ಅದರ ಗುಂಡಿಗಳನ್ನು ಯಂತ್ರ ನುಡಿಯುತ್ತಿರುವಾಗಲೇ ತಿರುಗಿಸಿದರು. ಸ್ವರ ಕೀರಲಾಯಿತು, ಗೊಗ್ಗರಾಯಿತು, ಮತ್ತೆ ಮೇಲೇರಿತು. 1987ರಲ್ಲಿ ಅವರ ಧ್ವನಿಮುದ್ರಿಕೆ ಹೊರಬಂದು ‘ಆಸಿಡ್ ಹೌಸ್’ ಎಂಬ ಪ್ರಕಾರಕ್ಕೆ ನಾಂದಿಯಾಯಿತು.

ಈಗ ಲೆಕ್ಕದ ಕಣ್ಣಿನಿಂದ ನೋಡಿ. ಹಳೆಯ ವಸ್ತುವಿನ ಮಾರಾಟ ಜಿಡಿಪಿಗೆ ಸೇರುವುದಿಲ್ಲ, ಏಕೆಂದರೆ ಅದು ತಯಾರಾದ ವರ್ಷದಲ್ಲೇ ಲೆಕ್ಕಕ್ಕೆ ಬಂದಿರುತ್ತದೆ. ಅಂಗಡಿಯವನು ಇಟ್ಟುಕೊಂಡ ಲಾಭಾಂಶವಷ್ಟೇ ಸೇರುತ್ತದೆ. ಅಂದರೆ ಈ ಸಂಗೀತದ ಇತಿಹಾಸದ ಬಹುಮುಖ್ಯ ಖರೀದಿಗಳು ರಾಷ್ಟ್ರೀಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಶೂನ್ಯ.

ಟೆಕ್ನೊದ ತವರು ಅಮೆರಿಕದ ಡೆಟ್ರಾಯಿಟ್. ಅಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. ಕಾರು ಉದ್ಯಮ ಸೊರಗಿ ಜನ ಖಾಲಿಯಾಗುತ್ತಾ ಹೋಗಿ 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಹಾಗೆಂದು ಬಡತನದಿಂದ ಸಂಗೀತ ಹುಟ್ಟುತ್ತದೆ ಎಂಬ ರಮ್ಯ ಮಾತು ನನ್ನದಲ್ಲ. ಸೊರಗಿದ ಕೈಗಾರಿಕಾ ನಗರಗಳು ನೂರಾರಿವೆ, ಎಲ್ಲ ಕಡೆ ಟೆಕ್ನೊ ಕಟ್ಟಿದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಹುಟ್ಟಲಿಲ್ಲ.

ಬರ್ಲಿನ್‌ನಲ್ಲಿ ಮಾತ್ರ ಕಾರಣ ಕಣ್ಣಿಗೆ ಕಾಣುವಂತಿದೆ: ಖಾಲಿ ಜಾಗ. ನಗರವನ್ನು ಪೂರ್ವ, ಪಶ್ಚಿಮವೆಂದು ಸೀಳಿದ್ದ ಗೋಡೆ ಬಿದ್ದ ಮೇಲೆ ಪೂರ್ವ ಭಾಗದ ಎಷ್ಟೋ ಕಟ್ಟಡಗಳಿಗೆ ಒಡೆಯ ಯಾರೆಂಬುದೇ ಇತ್ಯರ್ಥವಾಗಿರಲಿಲ್ಲ. 1991ರಲ್ಲಿ ‘ಟ್ರೆಸೋರ್’ ಕ್ಲಬ್ ಹಳೆಯ ಮಳಿಗೆಯೊಂದರ ನೆಲಮಾಳಿಗೆಯ ಭದ್ರಕೋಣೆಯಲ್ಲಿ ಶುರುವಾಯಿತು. ನಗರ ಚೇತರಿಸಿಕೊಂಡಿತು, ನಿವೇಶನ ಮಾರಾಟವಾಯಿತು, 2005ರಲ್ಲಿ ಕ್ಲಬ್ ಎದ್ದು ಹೋಗಬೇಕಾಯಿತು. ಎರಡು ವರ್ಷಗಳ ನಂತರ ಇನ್ನೊಂದು ಕಡೆ, ಹಳೆಯ ವಿದ್ಯುತ್ ಸ್ಥಾವರದಲ್ಲಿ, ಮತ್ತೆ ತೆರೆಯಿತು.

ಅದೇ ನಗರದ ‘ಬೆರ್ಗ್‌ಹೈನ್’ ಕ್ಲಬ್ಬಿನ ಟಿಕೆಟ್‌ಗೆ ಶೇ 19ರ ತೆರಿಗೆಯೋ, ಸಂಗೀತ ಕಛೇರಿಗಳಿಗಿರುವ ಶೇ 7ರ ರಿಯಾಯಿತಿ ತೆರಿಗೆಯೋ ಎಂಬ ವಾದ 2016ರಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಶೇ 7 ಎಂದಿತು ನ್ಯಾಯಾಲಯ. ಅಲ್ಲಿ ಪ್ರಶ್ನೆಯಿದ್ದದ್ದು ಜನ ಬರುವುದು ಮುಖ್ಯವಾಗಿ ಸಂಗೀತಕ್ಕೋ ಅಲ್ಲವೋ ಎಂಬುದು. ದೇಶದ ಆದಾಯಕ್ಕೆ ಎಷ್ಟು ಕೋಟಿ ಬಂತೆಂದು ಗೆದ್ದ ವಾದವಲ್ಲ ಅದು. 2024ರಲ್ಲಿ ಬರ್ಲಿನ್ನಿನ ಟೆಕ್ನೊ ಸಂಸ್ಕೃತಿಯನ್ನು ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿಸಿದರು. ಬಾಡಿಗೆ ಏರಿಸಲು ಬಂದ ಮಾಲೀಕನಿಗೆ ಆ ಪಟ್ಟಿ ತೋರಿಸಿದರೆ ಪ್ರಯೋಜನವಾಗುವುದಿಲ್ಲ, ಅದು ಬೇರೆ ಮಾತು.