ಅಳಬೇಕಿದ್ದ ಸ್ವರಗಳು ಕುಣಿದದ್ದು

ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಬಟನ್ ಇರುವ ನೋಕಿಯಾ ಫೋನ್ ಇಟ್ಟುಕೊಂಡಿದ್ದವರಿಗೆ ಈ ಧಾಟಿ ಗೊತ್ತಿರುತ್ತದೆ. ರಿಂಗ್‌ಟೋನ್ ಪಟ್ಟಿಯಲ್ಲಿ ‘ಬ್ಯಾಡಿನೆರಿ’ ಅಂತ ಒಂದಿತ್ತು. ಟೀ-ಟಿಕಿ ಟೀ-ಟಿಕಿ ಟೀ-ಟಿಕಿ ಟೀ. ಮಗುವೊಂದು ಮೆಟ್ಟಿಲು ಇಳಿದು ಓಡಿಬಂದ ಹಾಗೆ. ಬಸ್ಸಿನಲ್ಲಿ ಯಾರದೋ ಜೇಬಿನಲ್ಲಿ ಅದು ಬಾರಿಸಿದರೆ ನಾಲ್ಕು ಜನ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅದು ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖ್ ಬರೆದದ್ದು. ಅವನ ಎರಡನೇ ಆರ್ಕೆಸ್ಟ್ರಾ ಸ್ವೀಟ್‌ನ ಕೊನೆಯ ತುಣುಕು. (ತಿನ್ನುವ ಸ್ವೀಟ್ ಅಲ್ಲ. ಕುಣಿತದ ತುಣುಕುಗಳನ್ನು ಒಂದರ ಹಿಂದೆ ಒಂದು ಪೋಣಿಸಿದ ಮಾಲೆ.) ಒಂದು ಕೊಳಲು, ಪಿಟೀಲುಗಳು, ವಿಯೋಲಾ, ತಳದಲ್ಲಿ ಚೆಲ್ಲೋ (ದಪ್ಪ ದನಿಯ ದೊಡ್ಡ ಪಿಟೀಲು) ಮತ್ತು ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯ), ಇಷ್ಟೇ ಬಳಗ. ಬ್ಯಾಡಿನೆರಿ ಅಂದರೆ ಫ್ರೆಂಚಿನಲ್ಲಿ ತಮಾಷೆ, ಚೇಷ್ಟೆ. ಹೆಸರಿಗೆ ತಕ್ಕ ಹಾಗೆ ಒಂದೂವರೆ ನಿಮಿಷದೊಳಗೆ ಮುಗಿದೇಹೋಗುತ್ತದೆ.

ಸೋಜಿಗ ಏನೆಂದರೆ, ಈ ಚೇಷ್ಟೆ ಇರುವುದು ಬಿ ಮೈನರ್‌ನಲ್ಲಿ, ಅಂದರೆ ಬಿ ಎನ್ನುವ ಸ್ವರವನ್ನು ಷಡ್ಜ ಮಾಡಿಕೊಂಡ ಮೈನರ್ ಕೀಯಲ್ಲಿ. ಮೈನರ್ ಅಂದರೆ ನಮ್ಮ ಲೆಕ್ಕದಲ್ಲಿ ನಟಭೈರವಿ, ಕೀರವಾಣಿಗಳ ಸ್ವರಗಳ ನಡುವೆ ಓಡಾಡುವ ಮೇಳ. ಗುಟ್ಟೆಲ್ಲ ಗಾಂಧಾರದಲ್ಲಿದೆ. ಮೇಜರ್‌ನಲ್ಲಿ ಅಂತರ ಗಾಂಧಾರ, ಷಡ್ಜಕ್ಕೂ ಅದಕ್ಕೂ ಕಂಪನದ ಅನುಪಾತ 4:5. ಮೈನರ್‌ನಲ್ಲಿ ಸಾಧಾರಣ ಗಾಂಧಾರ, ಅನುಪಾತ 5:6. ವ್ಯತ್ಯಾಸ ಇಷ್ಟೇ. ಆದರೆ ಯುರೋಪಿನ ಕಿವಿಗೆ ಒಂದು ನಗು, ಇನ್ನೊಂದು ಅಳು. 1713ರಲ್ಲಿ ಹ್ಯಾಂಬರ್ಗ್‌ನ ಸಂಗೀತಗಾರ ಯೊಹಾನ್ ಮ್ಯಾಥೆಸನ್ ಇಂಥ ಕೀಗಳಿಗೆ ಜಾತಕ ಬರೆದ ಹಾಗೆ ಒಂದೊಂದರ ಸ್ವಭಾವ ಬರೆದಿಟ್ಟ. ಬಿ ಮೈನರ್ ಪಾಲಿಗೆ ಬಂದದ್ದು: ವಿಚಿತ್ರ, ಉಲ್ಲಾಸವಿಲ್ಲದ್ದು, ವಿಷಾದದ್ದು. ಅಂಥ ಕೀಯಲ್ಲಿ ಬಾಖ್ ಚೇಷ್ಟೆಗೆ ಇಳಿದಿದ್ದಾನೆ.

ಅಷ್ಟೇ ಅಲ್ಲ, ಈ ಸ್ವೀಟ್‌ನ ಏಳು ತುಣುಕೂ ಬಿ ಮೈನರ್‌ನಲ್ಲೇ ಇವೆ. ಮೂರನೆಯದು ಸಾರಬಾಂದ್, ನಿಧಾನದ ಕುಣಿತ. ಮೇಲಿನ ಧಾಟಿಯನ್ನೇ ಚೆಲ್ಲೋ ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ. ಕೇಳಿದರೆ ನಿಟ್ಟುಸಿರು ಬಿಟ್ಟ ಹಾಗೆ. ಅದೇ ಕೀ, ಅದೇ ವಾದ್ಯಗಳು, ಅದೇ ಲೇಖಕ. ಪ್ರಯೋಗಾಲಯದಲ್ಲಿ ಬೇಕೆಂದೇ ಮಾಡಿದರೂ ಇಷ್ಟು ಚೊಕ್ಕ ಹೋಲಿಕೆ ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ಮ್ಯಾಥೆಸನ್ನನ ಜಾತಕ ಇಲ್ಲೇ ಸುಳ್ಳಾಯಿತು.

ಹಾಗಾದರೆ ಬಿ ಮೈನರ್ ಯಾಕೆ? ಆ ಕಾಲದ ಮರದ ಕೊಳಲನ್ನು ನೋಡಿ. ಆರು ತೂತು, ಕಿರುಬೆರಳಿಗೆ ಒಂದೇ ಒಂದು ಲೋಹದ ಕೀಲಿ. ಬೆರಳುಗಳನ್ನು ಒಂದೊಂದಾಗಿ ಎತ್ತುತ್ತಾ ಹೋದರೆ ಡಿ ಮೇಜರ್ ತಾನಾಗಿ ಬರುತ್ತದೆ. ಬಿ ಮೈನರ್ ಅದರ ಒಡಹುಟ್ಟು, ಹೆಚ್ಚುಕಡಿಮೆ ಅವೇ ಸ್ವರಗಳು. ನಿಷಾದಕ್ಕೆ ಮಾತ್ರ ಬೆರಳನ್ನು ತಿರುಚಿ ಇಡಬೇಕು, ಆಗ ದನಿ ಸ್ವಲ್ಪ ಮಂಕಾಗುತ್ತದೆ. ಉಳಿದಂತೆ ಕೊಳಲಿಗೆ ಒಗ್ಗುವ ಕೀ. ಇನ್ನೊಂದು ಮಾತು. ಇಂದು ಹಳೆಯ ವಾದ್ಯ ನುಡಿಸುವ ತಂಡಗಳು ಸಾಮಾನ್ಯವಾಗಿ ಶ್ರುತಿಯನ್ನು 440ರ ಬದಲು 415 ಹರ್ಟ್ಸ್‌ಗೆ ಇಳಿಸಿಕೊಳ್ಳುತ್ತವೆ, ಅಂದರೆ ಅರ್ಧ ಸ್ವರ ಕೆಳಗೆ. ಅದರಿಂದ ಬ್ಯಾಡಿನೆರಿಯ ತುಂಟತನವೇನೂ ಕಡಿಮೆಯಾಗುವುದಿಲ್ಲ.

ಉಳಿದದ್ದು ವೇಗ. ಅದನ್ನು ಬಾಖ್ ಬರೆದಿಲ್ಲ! ಬರೆಯುವುದಾದರೂ ಹೇಗೆ? ಟಿಕ್ ಟಿಕ್ ಎಂದು ಎಣಿಕೆ ತೋರಿಸುವ ಯಂತ್ರ ಮೆಟ್ರೊನೋಮ್‌ಗೆ ಮೆಲ್ಸೆಲ್ ಎಂಬವನು ಪೇಟೆಂಟ್ ಪಡೆದದ್ದು 1815ರಲ್ಲಿ. ಬಾಖ್ ಸತ್ತದ್ದು 1750ರಲ್ಲಿ. ಕುಣಿತದ ಹೆಸರು ಹೇಳಿದರೆ ಸಾಕು, ವೇಗ ನುಡಿಸುವವರಿಗೆ ತಿಳಿಯುತ್ತಿತ್ತು. ಆದರೂ ಅಳೆಯುವ ಆಸೆ ಕೆಲವರಿಗೆ ಇತ್ತು. 1696ರಲ್ಲಿ ಫ್ರಾನ್ಸಿನ ಲೂಲಿಯೆ ಲೋಲಕದಿಂದ ತಾಳ ಅಳೆಯುವ ಸಾಧನವನ್ನು ವಿವರಿಸಿದ. ಪ್ರಷ್ಯಾದ ರಾಜನಿಗೆ ಕೊಳಲು ಕಲಿಸುತ್ತಿದ್ದ ಕ್ವಾಂಟ್ಸ್ 1752ರಲ್ಲಿ ಇನ್ನೂ ಸುಲಭದ ದಾರಿ ಹೇಳಿದ: ನಾಡಿ ಹಿಡಿದು ನೋಡಿ. ಮಧ್ಯಾಹ್ನದ ಊಟವಾದ ಆರೋಗ್ಯವಂತನ ನಾಡಿ, ನಿಮಿಷಕ್ಕೆ ಸುಮಾರು 80. ಸಾರಬಾಂದ್‌ನಲ್ಲಿ ಒಂದು ಎಣಿಕೆಗೆ ಒಂದು ಬಡಿತ, ಮಿನ್ಯುಯೆಟ್ ಎನ್ನುವ ಕುಣಿತದಲ್ಲಿ ಎರಡು ಎಣಿಕೆಗೆ ಒಂದು. ಊಟದ ಮೆನು ಮಾತ್ರ ಅವನು ಕೊಟ್ಟಿಲ್ಲ.

ನಿಮಗೂ ನೋಡಬೇಕಾ? ಮನೆ ಬೀಗದ ಕೈಯನ್ನು ದಾರಕ್ಕೆ ಕಟ್ಟಿ. ಹಿಡಿದ ಬೆರಳಿನಿಂದ ಬೀಗದ ಕೈ ನಡುವಿನವರೆಗೆ 56 ಸೆಂಟಿಮೀಟರ್ ಇರಲಿ. ಮೆಲ್ಲಗೆ ತೂಗಿ. ಆಚೆ ಒಂದು, ಈಚೆ ಒಂದು ಅಂತ ಎಣಿಸಿದರೆ ನಿಮಿಷಕ್ಕೆ 80 ಆಗುತ್ತದೆ. ಇದೇ ಸಾರಬಾಂದ್‌ನ ಎಣಿಕೆ. ಬ್ಯಾಡಿನೆರಿಯನ್ನು ಈಗ ನುಡಿಸುವುದು ಸೆಕೆಂಡಿಗೆ ಸುಮಾರು ಎರಡು ಎಣಿಕೆಯಂತೆ. ನಾವು ರಸ್ತೆಯಲ್ಲಿ ನಡೆಯುವಾಗ ಇಡುವ ಹೆಜ್ಜೆಯೂ ಹೆಚ್ಚುಕಡಿಮೆ ಸೆಕೆಂಡಿಗೆ ಎರಡು. ಕೂತಲ್ಲೇ ಕಾಲು ಅಲ್ಲಾಡುವುದು ಸುಮ್ನೆ ಅಲ್ಲ.

ಭಾವಕ್ಕೆ ಕೀ ಮುಖ್ಯವೋ ವೇಗವೋ ಎಂದು ಮನೋವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ. 1930ರ ದಶಕದಲ್ಲಿ ಅಮೆರಿಕದ ಕೇಟ್ ಹೆವ್ನರ್ ಒಂದೇ ಸಂಗೀತವನ್ನು ಮೇಜರ್-ಮೈನರ್, ವೇಗ-ನಿಧಾನ ಬದಲಿಸಿ ಕೇಳಿಸಿದರು. ಎರಡೂ ಕೆಲಸ ಮಾಡುತ್ತವೆ, ಆದರೆ ವೇಗದ ಕೈ ಜಾಸ್ತಿ ಜೋರು. 2001ರಲ್ಲಿ ಪ್ರಕಟವಾದ ಮಾಂಟ್ರಿಯಲ್‌ನ ಅಧ್ಯಯನವೊಂದರಲ್ಲಿ ಐದು ವರ್ಷದ ಮಕ್ಕಳು ಖುಷಿಯೋ ದುಃಖವೋ ಎನ್ನುವುದನ್ನು ವೇಗ ಕೇಳಿಯೇ ಹೇಳಿದರು. ಮೇಜರ್-ಮೈನರ್ ಭೇದ ಅವರಿಗೆ ಲೆಕ್ಕಕ್ಕೇ ಬರಲಿಲ್ಲ. ಆರರಿಂದ ಎಂಟರ ಮಕ್ಕಳು ಮಾತ್ರ ದೊಡ್ಡವರ ಹಾಗೆ ಎರಡನ್ನೂ ಗಮನಿಸಿದರು. ಅಂದರೆ ನಿಧಾನ ಅಂದರೆ ದುಃಖ ಎನ್ನುವುದು ಮೊದಲೇ ತಿಳಿಯುತ್ತದೆ, ಮೈನರ್ ಅಂದರೆ ದುಃಖ ಎನ್ನುವುದು ಆಮೇಲೆ.

ಇದನ್ನು ಓದಿದ ಮೇಲೆ ನಾನೂ ಒಂದು ರಾತ್ರಿ ಫೋನಿನಲ್ಲಿ ಬ್ಯಾಡಿನೆರಿ ಹಾಕಿ, ವೇಗವನ್ನು 0.5ಕ್ಕೆ ಇಳಿಸಿದೆ. ಶ್ರುತಿ ಬದಲಾಗಲಿಲ್ಲ, ಸ್ವರಗಳೂ ಅವೇ. ಮೈನರ್‌ನ ಮಬ್ಬು ಆಗ ಕಂಡಿತು. ಆದರೆ ನಾನು ಅಂದುಕೊಂಡ ಹಾಗೆ ಅದು ಪೂರ್ತಿ ಅಳಲಿಲ್ಲ. ಆ ಟೀ-ಟಿಕಿ ಹಾಗೇ ಉಳಿದಿತ್ತಲ್ವಾ, ಮಂಡಿನೋವಿನ ಅಜ್ಜಿಯೊಬ್ಬಳು ಮೆಟ್ಟಿಲು ಇಳಿಯುತ್ತಾ ಗೊಣಗಿದ ಹಾಗೆ ಕೇಳಿತು. ಆಮೇಲೆ ಸಾರಬಾಂದ್ ಹಾಕಿ ಎರಡು ಪಟ್ಟು ವೇಗ ಕೊಟ್ಟೆ. ಅದು ಚೇಷ್ಟೆ ಮಾಡಲಿಲ್ಲ. ಬಸ್ಸು ತಪ್ಪುತ್ತದೆ ಎಂದು ಅವಸರದಲ್ಲಿ ನಿಟ್ಟುಸಿರು ಬಿಟ್ಟು ಹೊರಟಿತು.