ಸಿಂಪಡಣೆಯ ಡ್ರೋನ್ ಆರಿಸುವ ಮೊದಲು: ಶಿರಸಿ ಸೀಮೆಯ ತೋಟ, ಗದ್ದೆಗಳ ಲೆಕ್ಕ

ಡ್ರೋನ್ ಮಾರುವವರ ವಿವರಪಟ್ಟಿಗಳು ಸಾಮಾನ್ಯವಾಗಿ ಟ್ಯಾಂಕಿನ ಗಾತ್ರದಿಂದ ಆರಂಭವಾಗುತ್ತವೆ. ಕೃಷಿಯನ್ನು ಓದುತ್ತಿರುವ ನಾವು ಔಷಧಿ ಗಿಡದ ಯಾವ ಭಾಗಕ್ಕೆ ತಲುಪಬೇಕು, ಎಷ್ಟು ನೀರಿನಲ್ಲಿ ತಲುಪಬೇಕು ಎಂಬಲ್ಲಿಂದ ಆರಂಭಿಸಬೇಕು. ಮುಂಡಗೋಡ, ಹಳಿಯಾಳ, ಬನವಾಸಿಯ ಕಡೆಯ ಬಯಲು ಗದ್ದೆಗೂ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಗುಡ್ಡಗಳ ನಡುವೆ ಇರುವ ಅಡಿಕೆ ತೋಟಕ್ಕೂ, ಕುಮಟಾ ಬಳಿಯ ಗಜನಿ ಭೂಮಿಗೂ (ಉಪ್ಪುನೀರು ನುಗ್ಗುವ ಕರಾವಳಿಯ ತಗ್ಗು ಗದ್ದೆ) ಈ ಪ್ರಶ್ನೆಯ ಉತ್ತರ ಬೇರೆ ಬೇರೆಯಾಗಿರುವುದರಿಂದ, ಇಡೀ ಉತ್ತರ ಕನ್ನಡ ಜಿಲ್ಲೆಗೆ ಒಪ್ಪುವ ಒಂದೇ ಯಂತ್ರವೆಂಬುದು ಇಲ್ಲ.

ಗದ್ದೆಯ ಲೆಕ್ಕ

ಲೆಕ್ಕ ಸುಲಭವಾಗಿರುವ ಭತ್ತದಿಂದ ತೊಡಗೋಣ. ಡ್ರೋನ್ ಒಮ್ಮೆ ಹಾದುಹೋದಾಗ 4 ಮೀಟರ್ ಅಗಲಕ್ಕೆ ಔಷಧಿ ಬೀಳುತ್ತದೆ, ಅದು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಾರುತ್ತದೆ ಎಂದು ಹಿಡಿದರೆ, ಸೆಕೆಂಡಿಗೆ 16 ಚದರ ಮೀಟರ್ ಜಾಗ ಮುಗಿಯುತ್ತದೆ. ಒಂದು ಎಕರೆ ಎಂದರೆ 4047 ಚದರ ಮೀಟರ್. ಅದನ್ನು 16ರಿಂದ ಭಾಗಿಸಿದರೆ ಸುಮಾರು 253 ಸೆಕೆಂಡು, ಅಂದರೆ ನಾಲ್ಕು ನಿಮಿಷದ ಮೇಲೆ ಸ್ವಲ್ಪ. ಅಷ್ಟರಲ್ಲಿ 10 ಲೀಟರಿನ ಟ್ಯಾಂಕ್ ಖಾಲಿಯಾಗಬೇಕಾದರೆ ನಿಮಿಷಕ್ಕೆ 2.4 ಲೀಟರಿನಷ್ಟು ಹೊರಬೀಳಬೇಕು. ನಾಲ್ಕು ನಾಜಲ್ (ಹನಿ ಚಿಮ್ಮುವ ಮೂತಿ) ಇದ್ದರೆ ಒಂದೊಂದಕ್ಕೆ ಸುಮಾರು 0.6 ಲೀಟರ್. ಹಾಳಿಯ (ಗದ್ದೆಯ ಬದುವಿನ) ತುದಿಯಲ್ಲಿ ತಿರುಗುವ ಸಮಯವನ್ನೂ ಸೇರಿಸಿದರೆ ಎಕರೆಗೆ ಆರೇಳು ನಿಮಿಷ ಬೇಕಾಗುತ್ತದೆ. ನಮ್ಮ ಗದ್ದೆಗಳು ಚಿಕ್ಕವಾಗಿದ್ದು, ಹಾಳಿಗಳು ಅಂಕುಡೊಂಕಾಗಿರುವುದರಿಂದ ತಿರುಗುವುದಕ್ಕೇ ಹೆಚ್ಚು ಸಮಯ ಹೋಗುತ್ತದೆ. ಆದ್ದರಿಂದ ದೊಡ್ಡ ಬಯಲಿನಲ್ಲಿ ಅಳೆದ ‘ಗಂಟೆಗೆ ಇಷ್ಟು ಎಕರೆ’ ಎಂಬ ಅಂಕಿಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಬಾರದು.

ಇನ್ನು ಔಷಧಿಯ ಪ್ರಮಾಣ. ಕೈಪಂಪಿನಲ್ಲಿ ಎಕರೆಗೆ 200 ಲೀಟರ್ ದ್ರಾವಣವನ್ನು, ಲೀಟರಿಗೆ 1 ಮಿಲಿಲೀಟರ್ ಔಷಧಿ ಬೆರೆಸಿ ಹೊಡೆಯುತ್ತಿದ್ದರೆ, ಎಕರೆಗೆ ಬಿದ್ದ ಔಷಧಿ 200 ಮಿಲಿಲೀಟರ್. ಡ್ರೋನ್ ಬಳಸುವಾಗಲೂ ಎಕರೆಯ ಪ್ರಮಾಣ ಅಷ್ಟೇ ಇರಬೇಕು, ಕಡಿಮೆಯಾಗುವುದು ನೀರು. ಅಂದರೆ 10 ಲೀಟರಿನಲ್ಲಿ ಅದೇ 200 ಮಿಲಿಲೀಟರ್ ಇರುತ್ತದೆ, ದ್ರಾವಣ ಇಪ್ಪತ್ತು ಪಟ್ಟು ಗಾಢವಾಗುತ್ತದೆ. ಲೀಟರಿನ ಲೆಕ್ಕವನ್ನೇ ಮುಂದುವರಿಸಿದರೆ ಗದ್ದೆಗೆ ಬೀಳುವುದು ಬರೀ 10 ಮಿಲಿಲೀಟರ್, ರೋಗ ಹತೋಟಿಗೆ ಬರುವುದಿಲ್ಲ. ಇಷ್ಟು ಗಾಢವಾದ ದ್ರಾವಣದಿಂದ ಎಲೆ ಸುಡುವ ಸಾಧ್ಯತೆಯೂ ಇರುವುದರಿಂದ, ಡ್ರೋನ್ ಬಳಕೆಗೆ ಶಿಫಾರಸಾದ ಔಷಧಿಯನ್ನೇ ಆರಿಸುವುದು ಕಡ್ಡಾಯವೆಂದು ನಾನು ತಿಳಿಯುತ್ತೇನೆ.

ಭತ್ತದಲ್ಲಿಯೂ ಗುರಿಯ ಜಾಗ ಮುಖ್ಯ. ಬೆಂಕಿ ರೋಗ ಎಲೆಯ ಮೇಲಿರುವುದರಿಂದ ಮೇಲಿನಿಂದ ಬೀಳುವ ಹನಿ ಅಲ್ಲಿಗೆ ಮುಟ್ಟುತ್ತದೆ. ಕಂದು ಜಿಗಿಹುಳು ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕುಳಿತಿರುತ್ತದೆ. ಪೈರು ದಟ್ಟವಾಗಿದ್ದರೆ ರೆಕ್ಕೆಗಳ ಗಾಳಿ ಎಲೆಗಳನ್ನು ಸರಿಸಿದರೂ ಬುಡಕ್ಕೆ ತಲುಪುವ ಹನಿ ಕಡಿಮೆ.

ಅಡಿಕೆಯ ಲೆಕ್ಕ

ಈ ಟಿಪ್ಪಣಿಯ ತಿರುಳು ಇಲ್ಲಿದೆ. ಅಡಿಕೆಯ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಕಾರಣ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿಯೇ ಈ ರೋಗದ ಅಧ್ಯಯನವನ್ನು ಪ್ರಕಟಿಸಿದ್ದರು. ಅಂದಿನಿಂದ ಇಂದಿನವರೆಗೂ ಶೇಕಡಾ 1ರ ಬೋರ್ಡೋ ದ್ರಾವಣವೇ ನಮ್ಮ ಮುಖ್ಯ ಆಧಾರವಾಗಿದೆ: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ನಂತರ ಹೊಳವು (ಮಳೆಯ ಬಿಡುವು) ಸಿಕ್ಕಾಗ ಇನ್ನೊಮ್ಮೆ, ಕೊನೆಯ (ಅಡಿಕೆ ಗೊಂಚಲಿನ) ಪ್ರತಿಯೊಂದು ಕಾಯಿಯೂ ತೊಟ್ಟಿನವರೆಗೆ ಒದ್ದೆಯಾಗುವಂತೆ ಹೊಡೆಯಬೇಕು.

ಮರಗಳ ನಡುವೆ 2.7 ಮೀಟರ್ ಅಂತರವಿದ್ದರೆ ಎಕರೆಗೆ ಸುಮಾರು 555 ಮರಗಳು. ಮರಕ್ಕೆ ಒಂದು ಲೀಟರ್ ಎಂದು ಹಿಡಿದರೂ 555 ಲೀಟರ್ ಬೇಕು. 10 ಲೀಟರಿನ ಟ್ಯಾಂಕ್ ಐವತ್ತಾರು ಬಾರಿ ಏರಬೇಕಾಗುತ್ತದೆ. ನೀರನ್ನು ಕಡಿಮೆ ಮಾಡೋಣವೆಂದರೆ ಐದೂವರೆ ಕಿಲೋ ಮೈಲುತುತ್ತ, ಅಷ್ಟೇ ಸುಣ್ಣವನ್ನು 10 ಲೀಟರಿನಲ್ಲಿ ಕದಡಿ ಸಣ್ಣ ನಾಜಲಿನಿಂದ ಹೊರಡಿಸುವುದು ಸಾಧ್ಯವಿಲ್ಲದ ಮಾತು. ಬೋರ್ಡೋ ಕರಗಿದ ದ್ರಾವಣವಲ್ಲ, ತೇಲುವ ಕಣಗಳ ಕದಡು. ಜಾಲರಿಯನ್ನೂ ನಾಜಲನ್ನೂ ಕಟ್ಟುತ್ತದೆ, ಅದರಲ್ಲಿರುವ ತಾಮ್ರವು ಕಬ್ಬಿಣದ ಭಾಗಗಳನ್ನು ತಿನ್ನುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಮರದ ರಚನೆಯಲ್ಲಿಯೇ ಇದೆ. ಕೊನೆ ಇರುವುದು ಸೋಗೆಗಳ (ಅಡಿಕೆಯ ಗರಿಗಳ) ಕೆಳಗೆ, ಕಾಂಡಕ್ಕೆ ಅಂಟಿಕೊಂಡಂತೆ. ಡ್ರೋನ್ ಸಿಂಪಡಿಸುವುದು ಸೋಗೆಗಳ ಮೇಲಿನಿಂದ. ಮಳೆಗೆ ಕೊಡೆ ಹಿಡಿದಂತೆ ಸೋಗೆಗಳು ಹನಿಯನ್ನು ತಡೆಯುತ್ತವೆ. ಕೊನೆಗೌಡ ಮರವೇರಿ ಪಕ್ಕದಿಂದ ಹೊಡೆಯುವಾಗ, ಅಥವಾ ನೆಲದಲ್ಲಿ ನಿಂತವರು ಉದ್ದನೆಯ ದೋಟಿಯಿಂದ ಕೆಳಗಿನಿಂದ ಮೇಲಕ್ಕೆ ಹೊಡೆಯುವಾಗ ಕೊನೆಗೆ ಸಿಗುವ ಲೇಪ, ಮೇಲಿನಿಂದ ಬಂದ ಮಂಜಿನಂಥ ಹನಿಗೆ ಸಿಗುವುದು ಕಷ್ಟ. ಕೊನೆಗೌಡರ ಕೊರತೆಯಿಂದ ತೋಟದವರು ಎಷ್ಟು ಸಂಕಟಪಡುತ್ತಿದ್ದಾರೆ, ಮಳೆಯಲ್ಲಿ ಜಾರುವ ಮರವೇರುವ ಕೆಲಸ ಎಷ್ಟು ಅಪಾಯದ್ದು ಎಂಬುದು ನಮಗೆಲ್ಲ ಗೊತ್ತು. ಆ ಕಾರಣಕ್ಕಾಗಿಯೇ ಡ್ರೋನಿನಿಂದ ಆಗದ ಕೆಲಸವನ್ನು ಆಗುತ್ತದೆಂದು ನಂಬಿಸಿ ಅವರ ಒಂದು ವರ್ಷದ ಫಸಲನ್ನು ಪಣಕ್ಕಿಡಬಾರದು.

ಎಲೆಚುಕ್ಕಿ ರೋಗದ ಸಂಗತಿ ಬೇರೆ. ಅಲ್ಲಿ ಗುರಿ ಸೋಗೆಯೇ ಆಗಿರುವುದರಿಂದ, ನೀರಿನಲ್ಲಿ ಚೆನ್ನಾಗಿ ಬೆರೆಯುವ ಅಂತರ್ವ್ಯಾಪಿ (ಗಿಡದೊಳಗೆ ಹರಡುವ) ಶಿಲೀಂಧ್ರನಾಶಕಕ್ಕೆ ಡ್ರೋನ್ ಹೊಂದುತ್ತದೆ. ಆದರೆ ಚುಕ್ಕಿಗಳು ಹೆಚ್ಚಾಗಿ ಕೆಳಗಿನ ಸೋಗೆಗಳಲ್ಲಿ ಮೊದಲು ಕಾಣುವುದರಿಂದ, ಹನಿ ಅಲ್ಲಿಯವರೆಗೆ ಇಳಿಯುವುದೇ ಎಂದು ನೋಡಲೇಬೇಕು. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಸೊರಗು ರೋಗಕ್ಕೆ ಬುಡಕ್ಕೆ ಔಷಧಿ ಸುರಿಯಬೇಕಾಗುತ್ತದೆ. ಅಲ್ಲಿ ಡ್ರೋನಿಗೆ ಕೆಲಸವಿಲ್ಲ.

ಯಂತ್ರದಲ್ಲಿ ನೋಡಬೇಕಾದದ್ದು

ಗುರಿ ಖಚಿತವಾದ ಮೇಲೆ ಯಂತ್ರದ ಗುಣಗಳಿಗೆ ಅರ್ಥ ಬರುತ್ತದೆ. ಗದ್ದೆಯ ಮೇಲೆ ಎತ್ತರ ಕಾಯುವ ರಾಡಾರ್ ಚೆನ್ನಾಗಿ ನಡೆಯುತ್ತದೆ. ಅಡಿಕೆ ತೋಟದಲ್ಲಿ ಅದೇ ರಾಡಾರ್ ಒಮ್ಮೆ ಸೋಗೆಯನ್ನು, ಮರುಕ್ಷಣ ಮರಗಳ ನಡುವಿನ ನೆಲವನ್ನು ಕಂಡು ಡ್ರೋನನ್ನು ಏರಿಳಿಸಬಹುದು. ಸುತ್ತಲಿನ ಅಡೆತಡೆ ಗುರುತಿಸುವ ವ್ಯವಸ್ಥೆ ತೆಳ್ಳಗಿನ ವಿದ್ಯುತ್ ತಂತಿಯನ್ನು ಕಾಣದೇ ಹೋಗಬಹುದಾದ್ದರಿಂದ, ತೋಟದ ಮೇಲೆ ಹಾದ ತಂತಿಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಡಬೇಕು. ನಿಖರ ಸ್ಥಾನಕ್ಕಾಗಿ ಆರ್‌ಟಿಕೆ (ಉಪಗ್ರಹ ತೋರಿಸುವ ಸ್ಥಾನವನ್ನು ತಿದ್ದುವ ವ್ಯವಸ್ಥೆ) ಬೇಕೆನ್ನುವವರು, ಅದರ ತಿದ್ದುಪಡಿ ಮೊಬೈಲ್ ಜಾಲದಿಂದ ಬರುತ್ತದೋ ತನ್ನದೇ ನೆಲದ ಘಟಕದಿಂದ ಬರುತ್ತದೋ ಎಂದು ಕೇಳಬೇಕು. ಸಿಗ್ನಲ್ ಸಿಗದ ನಮ್ಮ ಎಷ್ಟೋ ಕಣಿವೆಗಳಲ್ಲಿ ಮೊದಲನೆಯದು ಉಪಯೋಗಕ್ಕೆ ಬರುವುದಿಲ್ಲ. ಚಾಲಕನಿಗೆ ಡ್ರೋನ್ ಕಣ್ಣಿಗೆ ಕಾಣುತ್ತಿರಬೇಕೆಂಬುದು ಇನ್ನೊಂದು ಕಟ್ಟುಪಾಡು. ತೋಟದೊಳಗೆ ನಿಂತವನಿಗೆ ಆಕಾಶವೇ ಕಾಣದು. ದರೆಯ ಮೇಲೋ ಬೆಟ್ಟದ ಅಂಚಿನಲ್ಲೋ ಜಾಗ ಹುಡುಕಬೇಕು.

ಬ್ಯಾಟರಿಯನ್ನು ಜೋಡಿಗಳ ಲೆಕ್ಕದಲ್ಲಿ ಕೊಳ್ಳಬೇಕು. ಹಾರಿ, ಇಳಿದು, ಟ್ಯಾಂಕ್ ತುಂಬಿ ಮತ್ತೆ ಏರಲು 15 ನಿಮಿಷ, ಆರಿ ಚಾರ್ಜ್ ಆಗಲು ಒಂದು ಗಂಟೆ ಎಂದಾದರೆ ನಿಲ್ಲದೆ ಕೆಲಸ ಸಾಗಲು ಐದು ಜೋಡಿ ಬೇಕು. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲದ ಊರುಗಳಲ್ಲಿ ಜನರೇಟರಿನ ವೆಚ್ಚವನ್ನೂ ಯಂತ್ರದ ಬೆಲೆಗೇ ಸೇರಿಸಿ ನೋಡಬೇಕು.

ತೂಕಕ್ಕೂ ಕಾನೂನಿಗೂ ನೇರ ಸಂಬಂಧವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ 2ರಿಂದ 25 ಕಿಲೋವರೆಗಿನದು ಸಣ್ಣ ವರ್ಗ, 25ರಿಂದ 150 ಕಿಲೋವರೆಗಿನದು ಮಧ್ಯಮ ವರ್ಗ. ಇದು ತುಂಬಿದ ಟ್ಯಾಂಕ್ ಸೇರಿದ ಗರಿಷ್ಠ ತೂಕ. 10 ಲೀಟರಿನ ಹಲವು ಯಂತ್ರಗಳು 25 ಕಿಲೋ ದಾಟದಂತೆ ರೂಪುಗೊಂಡಿರುವುದು ಇದೇ ಕಾರಣಕ್ಕೆ. ಚಾಲಕನ ಪ್ರಮಾಣಪತ್ರ ಯಾವ ವರ್ಗದ್ದೋ ಆ ವರ್ಗದ ಡ್ರೋನನ್ನೇ ಕೊಳ್ಳಬೇಕು. ಕಾರವಾರದ ಸುತ್ತ ಕೆಲಸ ಮಾಡುವವರು ಇನ್ನೂ ಎಚ್ಚರದಿಂದಿರಬೇಕು: ಐಎನ್ಎಸ್ ಕದಂಬ ನೌಕಾನೆಲೆ, ಕೈಗಾ ಅಣುಸ್ಥಾವರಗಳಿರುವ ಈ ಭಾಗದಲ್ಲಿ ಹಾರಾಟಕ್ಕೆ ಮೊದಲು ವಾಯುಪ್ರದೇಶದ ಅಧಿಕೃತ ನಕ್ಷೆಯಲ್ಲಿ ಆ ಜಾಗ ಹಸಿರೋ, ಹಳದಿಯೋ, ಕೆಂಪೋ ಎಂದು ನೋಡಲೇಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಮಹಿಳಾ ಸ್ವಸಹಾಯ ಸಂಘಗಳಿಗೆ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಬೆಲೆಯ ಶೇಕಡಾ 80, ಗರಿಷ್ಠ 8 ಲಕ್ಷ ರೂಪಾಯಿ ನೆರವು 2023ರಲ್ಲಿ ಘೋಷಣೆಯಾಗಿತ್ತು.

ಕರಾವಳಿಯಲ್ಲಿ ಹೊತ್ತು ಏರುತ್ತಿದ್ದಂತೆ ಕಡಲಗಾಳಿ ಬೀಸತೊಡಗುವುದರಿಂದ ಬೆಳಗಿನ ತಂಪು ಹೊತ್ತೇ ಯೋಗ್ಯ. ಗಾಳಿ ಸೆಕೆಂಡಿಗೆ 3 ಮೀಟರ್ ಮೀರಿದರೆ ನಿಲ್ಲಿಸುವುದು ಕ್ಷೇಮ. ಕೀಟನಾಶಕವಾದರೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟ ನೆರೆಯವರಿಗೆ ಮೊದಲೇ ತಿಳಿಸಬೇಕು. ಉಪ್ಪುನೀರು ತಾಳುವ ಕಗ್ಗ ಭತ್ತದ ನಂತರ ಮೀನು, ಸಿಗಡಿ ಬರುವ ಗಜನಿಗಳ ಹತ್ತಿರ ತಾಮ್ರವಾಗಲಿ ಕೀಟನಾಶಕವಾಗಲಿ ತೇಲಿ ಹೋಗುವುದಕ್ಕೆ ಎಡೆಕೊಡಲೇಬಾರದು.

ಕೊಳ್ಳುವ ಮುನ್ನ ಮಾರಾಟಗಾರರಿಂದ ನಿಮ್ಮದೇ ತೋಟದಲ್ಲಿ ಬರೀ ನೀರಿನ ಪ್ರಾತ್ಯಕ್ಷಿಕೆ ಕೇಳಿ. ನೀರು ತಾಗಿದರೆ ಹಳದಿಯಿಂದ ನೀಲಿಗೆ ತಿರುಗುವ ಪರೀಕ್ಷಾ ಕಾಗದದ ತುಂಡುಗಳನ್ನು ಮೇಲಿನ ಸೋಗೆ, ಕೆಳಗಿನ ಸೋಗೆ, ಕೊನೆಯ ಎರಡೂ ಪಕ್ಕ, ನೆಲ ಮತ್ತು ನೆರೆಯವರ ಗಡಿಯಲ್ಲಿ ಸಿಕ್ಕಿಸಿ, ಹಾರಾಟದ ನಂತರ ನೀಲಿ ಚುಕ್ಕಿಗಳನ್ನು ಹೋಲಿಸಿ ನೋಡಿ. ಈ ಕಾಗದ ಗಾಳಿಯ ತೇವಕ್ಕೂ ನೀಲಿಯಾಗುವುದರಿಂದ, ಪರೀಕ್ಷೆಯನ್ನು ಮಳೆಗಾಲದಲ್ಲಲ್ಲ, ಏಪ್ರಿಲ್ ಅಥವಾ ಮೇ ತಿಂಗಳ ಒಣ ದಿನದಲ್ಲಿ, ಇಬ್ಬನಿ ಆರಿದ ಮೇಲೆ ಇಟ್ಟುಕೊಳ್ಳಬೇಕು.